ಅವ್ವನ ತುಟಿಯ ಗ್ಲಿಸರಿನ್

ನಾನು ಪಾಠ ಮಾಡುವ ಶಾಲೆಯಲ್ಲಿ ಒಂದು ಮಧ್ಯಾಹ್ನ, ಹೊಸದಾಗಿ ಸೇರಿದ್ದ ಟೀಚರ್ ಹುಡುಗಿ ಕೈಗೆ ಹಚ್ಚುವ ಕ್ರೀಮಿನ ಟ್ಯೂಬನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ಅವಳು ಹಾಲು, ಮೊಸರು, ಜೇನುತುಪ್ಪ ಏನನ್ನೂ ಮುಟ್ಟುವವಳಲ್ಲ. ಅಂಥವರಿಗೆ ವೀಗನ್ ಅನ್ನುತ್ತಾರೆಂದು ಅವಳಿಂದಲೇ ನಾವೆಲ್ಲ ತಿಳಿದುಕೊಂಡಿದ್ದೆವು. ‘ಮೇಡಂ, ಇದ್ರಾಗೆ ಗ್ಲಿಸರಿನ್ ಐತೆ ಅಂತ ಬರ್ದವ್ರೆ. ಅದು ನನಗೆ ಆಗ್ತದಾ?’ ಎಂದು ಕೇಳಿದಳು.

‘ಅದನ್ನ ಟ್ಯೂಬ್ ನೋಡಿ ಹೇಳಾಕೆ ಯಾರ ಕೈಲೂ ಆಗಲ್ಲ. ಬೇಕಾದ್ರೆ ಹಚ್ಕೊ, ಬ್ಯಾಡಾದ್ರೆ ಬಿಡು’ ಎಂದೆ. ನನ್ನ ದನಿ ಎಷ್ಟು ಗಡುಸಾಗಿತ್ತೆಂದರೆ ಆ ಹುಡುಗಿ ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡುಬಿಟ್ಟಳು. ಪಾಪ, ಅವಳ ಮೇಲೆ ನನಗೇನು ಸಿಟ್ಟು? ಅವಳು ತನ್ನ ಸಲುವಾಗಿ, ತನ್ನ ಮೈಗೆ ಹಚ್ಚಿಕೊಳ್ಳುವುದರ ಬಗ್ಗೆ ಕೇಳಿದ್ದಳು. ಎಷ್ಟೋ ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಎಬ್ಬಿಸಿದವರು ಗಂಡಸರು, ಅನುಭವಿಸಿದವಳು ನಮ್ಮವ್ವ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು. ಅಪ್ಪ ಮತ್ತು ಅವನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಇಬ್ಬರೂ ಸೇರಿ ನಡೆಸುತ್ತಿದ್ದರು. ಮನೆ ಮಿಲ್ಲಿನ ಬೆನ್ನಿಗೇ ಇತ್ತು. ಗೋಡೆಗೆ, ಬಾಗಿಲಿಗೆ, ನಮ್ಮ ಬಟ್ಟೆಬರೆಗೆ, ಕೊನೆಗೆ ನನ್ನ ಶಾಲೆಯ ಪುಸ್ತಕಗಳಿಗೂ ಶೇಂಗಾ ವಾಸನೆ. ದೊಡ್ಡವ್ವ ತೀರಿಕೊಂಡ ಮೇಲೆ ಮನೆಯ ಒಲೆ ಪೂರ್ತಿ ಅವ್ವನದಾಯಿತು. ಮನೆಯವರಿಗೆ, ಮಿಲ್ಲಿಗೆ ಬಂದ ವ್ಯಾಪಾರಿಗಳಿಗೆ, ಬಸ್ಸು ತಪ್ಪಿಸಿಕೊಂಡ ನೆಂಟರಿಗೆ, ಎಲ್ಲರಿಗೂ ಅವಳೇ ರೊಟ್ಟಿ ಬಡಿಯುತ್ತಿದ್ದಳು. ಬೆಳಿಗ್ಗೆ ಮಿಂದು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಆಮೇಲೆ ಒಲೆ ಹಚ್ಚುವುದು ಅವಳ ಕ್ರಮ. ಪೂಜೆಯಾಗದೆ ಅವಳು ಒಂದು ಗುಟುಕು ನೀರನ್ನೂ ಕುಡಿದದ್ದನ್ನು ನಾನು ನೋಡಿಲ್ಲ.

ಅವ್ವನಿಗಿದ್ದ ಒಂದೇ ಒಂದು ಕಾಟ ಚಳಿಗಾಲ. ನಮ್ಮ ಕಡೆಯ ಒಣಗಾಳಿ ಶುರುವಾಯಿತೆಂದರೆ ಅವಳ ತುಟಿ ಸೀಳಿ ರಕ್ತ ಬರುತ್ತಿತ್ತು. ಕೈ ಬೆರಳ ಸಂದುಗಳು ಬಿರಿಯುತ್ತಿದ್ದವು. ಒಲೆಯ ಬಿಸಿ, ನೀರಿನ ತಣುಪು, ಮೇಲೆ ಖಾರದಪುಡಿ. ಊಟಕ್ಕೆ ಕೂತರೆ ಚಟ್ನಿ ತಾಗಿದೊಡನೆ ಕಣ್ಣಲ್ಲಿ ನೀರು. ಎಣ್ಣೆ ಮಿಲ್ಲಿನ ಸೊಸೆಗೆ ಎಣ್ಣೆಗೆ ಬರವೇ ಎಂದು ಬಂದವರೆಲ್ಲ ನಗುತ್ತಿದ್ದರು. ಶೇಂಗಾ ಎಣ್ಣೆ ಹಚ್ಚಿದರೆ ಒಂದು ಗಳಿಗೆ ಮಿಂಚುತ್ತಿತ್ತು, ಆಮೇಲೆ ಯಥಾಪ್ರಕಾರ. ಕೊನೆಗೆ ನಾನೇ ಮೆಡಿಕಲ್ ಶಾಪಿನಿಂದ ಗ್ಲಿಸರಿನ್ನಿನ ಸಣ್ಣ ಬಾಟ್ಲಿ ತಂದುಕೊಟ್ಟೆ. ನಾನಾಗ ಬಿ.ಎ. ಮುಗಿಸಿ ಊರಲ್ಲೇ ಒಂದು ಖಾಸಗಿ ಶಾಲೆಗೆ ಸೇರಿದ್ದೆ. ಗುಲಾಬಿ ನೀರಿಗೆ ಒಂದೆರಡು ಹನಿ ಬೆರೆಸಿ ಹಚ್ಚಿದ ಮಾರನೆಯ ಬೆಳಿಗ್ಗೆ ಅವ್ವ ಕನ್ನಡಿ ನೋಡಿಕೊಂಡು, ‘ಇದೇನೇ ಇದು, ಸಕ್ರೆ ಪಾಕ ಇದ್ದಂಗೈತೆ, ಸೀ ಐತೆ!’ ಎಂದು ಮಗುವಿನ ಹಾಗೆ ನಕ್ಕಳು. ಅಲ್ಲಿಂದ ಪ್ರತಿ ಚಳಿಗಾಲ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಆ ಬಾಟ್ಲಿ ಇರುತ್ತಿತ್ತು.

ಆಮೇಲೆ ತಿನ್ನುವ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ, ಕಂದು ಚುಕ್ಕೆ ಬರಲು ಶುರುವಾಯಿತು. ನಮ್ಮ ದೊಡ್ಡಪ್ಪನಿಗೆ ಅದು ದೊಡ್ಡ ಉದ್ಯೋಗವಾಗಿಬಿಟ್ಟಿತು. ಬಿಸ್ಕತ್ತಿರಲಿ, ಉಪ್ಪಿನಕಾಯಿ ಇರಲಿ, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ಚುಕ್ಕೆ ಹುಡುಕುವುದು. ಸಿಕ್ಕರೆ ‘ಹಸಿರೈತೆ, ತಗೊಳ್ರಿ’ ಎಂದು ಅಪ್ಪಣೆ ಕೊಡುವುದು. ನಾವು ಮನೆಯವರೆಲ್ಲ ಹಿಂದಿನಿಂದ ನಗುತ್ತಿದ್ದೆವು. ನಗು ಬಾರದ ದಿನವೊಂದು ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಮಾರ್ಕೆಟ್ ಯಾರ್ಡಿನಲ್ಲಿ ಯಾವನೋ ವ್ಯಾಪಾರಿ ದೊಡ್ಡಪ್ಪನಿಗೆ ಹೇಳಿದನಂತೆ: ಗ್ಲಿಸರಿನ್ ಮಾಡುವುದು ದನದ ಕೊಬ್ಬಿನಿಂದ. ಅಷ್ಟೇ. ಇವರು ಇನ್ನೊಬ್ಬರನ್ನು ಕೇಳಲಿಲ್ಲ, ವಿಚಾರಿಸಲಿಲ್ಲ. ನೆಟ್ಟಗೆ ಮನೆಗೆ ಬಂದವರು ಚಪ್ಪಲಿ ಬಿಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಅವ್ವ ಹಿಟ್ಟು ನಾದುತ್ತಿದ್ದಳು.

‘ಆ ಬಾಟ್ಲಿ ಯಾವ್ದು?’

‘ಗ್ಲಿಸರಿನ್ನು, ಭಾವಾರೆ. ತುಟಿಗೆ.’

‘ತುಟಿಗೆ ಹಚ್ಕೊಂಡು, ನಾಲಿಗೆ ಸವರ್ಕೊಂಡು, ಅದೇ ಕೈಯಾಗೆ ಹಿಟ್ಟು ನಾದ್ತೀಯಾ? ಅದೇನು ಗೊತ್ತೇನು? ದನದ ಕೊಬ್ಬು! ಮನೆ ಮಂದಿಗೆಲ್ಲ ಇಷ್ಟು ದಿನ ಅದನ್ನೇ ತಿನ್ಸಿದ್ಯಲ್ಲಮ್ಮ!’

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ದೊಡ್ಡಪ್ಪನನ್ನು ನೋಡಲಿಲ್ಲ, ಕೊರಳಿನ ಲಿಂಗದ ಕಡೆ ನೋಡಿಕೊಂಡಳು. ಹಿಟ್ಟಿನ ಕೈಯಲ್ಲಿ ಅದನ್ನು ಮುಟ್ಟಲೋ ಬೇಡವೋ ಎಂದು ತಿಳಿಯದೆ ಹಾಗೇ ನಿಂತಳು. ಆಮೇಲೆ, ‘ನಂಗೆ ಗೊತ್ತಿರ್ಲಿಲ್ಲ ಭಾವಾರೆ’ ಎಂದಳು.

ಅಪ್ಪ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ. ಎಲ್ಲ ಕೇಳಿಸುತ್ತಿತ್ತು. ಪೇಪರಿನ ಒಂದು ಹಾಳೆಯೂ ಮಗುಚಲಿಲ್ಲ, ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ತೀರ್ಪು ಅಲ್ಲೇ ಆಯಿತು. ಶಿವರಾತ್ರಿಗೆ ಐನೋರನ್ನು ಕರೆಸಿ ಶುದ್ಧಿ ಮಾಡಿಸುವುದು. ಅಲ್ಲಿಯವರೆಗೆ ಅವ್ವ ಅಡುಗೆಮನೆಗೆ, ಪೂಜೆಯ ಕೋಣೆಗೆ ಕಾಲಿಡಬಾರದು. ಮನೆಯಲ್ಲಿ ಸುಮ್ಮನೆ ಕೂತರೆ ಅವಳಿಗೂ ಬೇಸರವಲ್ಲವೇ, ಹಿತ್ತಲಲ್ಲಿ ಬಟ್ಟೆ, ಪಾತ್ರೆ ನೋಡಿಕೊಳ್ಳಲಿ ಎಂದು ದೊಡ್ಡಪ್ಪ ಉದಾರಿಗಳಾದರು. ಅಡುಗೆಗೆ ಬಿ.ಜಿ. ಕೆರೆಯಿಂದ ದೂರದ ನೆಂಟರ ಹೆಂಗಸೊಬ್ಬಳನ್ನು ಕರೆಸಿದರು. ಆಕೆ ಒಳ್ಳೆಯವಳೇ. ಆದರೆ ಆಕೆಯ ರೊಟ್ಟಿ ತಣ್ಣಗಾದರೆ ನಾಯಿಯೂ ಮೂಸುತ್ತಿರಲಿಲ್ಲ. ದೊಡ್ಡಪ್ಪ ಅದನ್ನು ಸಾರಿನಲ್ಲಿ ನೆನೆಸಿ ನೆನೆಸಿ ತಿನ್ನುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅಷ್ಟು ಖುಷಿಯಾದರೂ ಬೇಡವೇ?

ಅವ್ವ ಹಿತ್ತಲ ಕೋಣೆಗೆ ಹೋದಳು. ಗೋಣಿಚೀಲ ಇಡುವ ಕೋಣೆ ಅದು. ಅಲ್ಲೇ ಒಂದು ಮಣೆ ಹಾಕಿಕೊಂಡು ಪೂಜೆ ಮಾಡುತ್ತಿದ್ದಳು. ಕೊರಳಿನ ಲಿಂಗವನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ, ಸದ್ಯ. ಆದರೆ ಅವಳು ಮೊದಲಿನ ಹಾಗೆ ಪೂಜೆ ಮಾಡುತ್ತಿರಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದಳು, ಮುಂದಕ್ಕೆ ಕೈ ಹೋಗುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದು, ‘ನಿಜ್ವಾಗ್ಲೂ ನಾನು ತಿಂದ್ನೇನೇ? ನೀ ಓದ್ದೋಳು. ಹೇಳು’ ಎಂದಳು. ದೊಡ್ಡಪ್ಪನ ಬೈಗುಳಕ್ಕೆ ಅಳದಿದ್ದವಳು ಆ ಮಾತಿಗೆ ಅತ್ತಳು.

ನನಗೆ ಅಲ್ಲಿಂದ ತಲೆ ಕೆಟ್ಟಿತು. ಅವಳಿಗೆ ಅಡುಗೆಮನೆ ಬೇಕಾಗಿತ್ತೋ ಇಲ್ಲವೋ, ಒಂದು ಉತ್ತರವಂತೂ ಬೇಕಾಗಿತ್ತು. ತನ್ನ ದೇವರ ಮುಂದೆ ತಾನು ತಪ್ಪು ಮಾಡಿದ್ದೇನೋ ಇಲ್ಲವೋ ಎಂಬ ಉತ್ತರ. ಬಾಟ್ಲಿ ತಂದುಕೊಟ್ಟವಳು ನಾನು, ಉತ್ತರ ತರಬೇಕಾದವಳೂ ನಾನೇ ಎಂದುಕೊಂಡೆ.

ಮೊದಲು ಮೆಡಿಕಲ್ ಶಾಪಿನವನನ್ನು ಕೇಳಿದೆ. ‘ನಮಗೇನು ಗೊತ್ತಮ್ಮ, ದೊಡ್ಡ ಡ್ರಮ್ಮಿನಾಗೆ ಎಲ್ಲಿಂದ್ಲೋ ಬರ್ತದೆ, ಯಾರೋ ಬಾಟ್ಲಿಗೆ ತುಂಬ್ತಾರೆ, ನಾವು ಮಾರ್ತೀವಿ’ ಎಂದ. ಬಾಟ್ಲಿಯ ಮೇಲೆ ಯಾವ ಬಣ್ಣದ ಚುಕ್ಕೆಯೂ ಇರಲಿಲ್ಲ. ಚುಕ್ಕೆಯ ಕಾಯ್ದೆ ತಿನ್ನುವುದಕ್ಕೆ ಮಾತ್ರ, ಮೈಗೆ ಹಚ್ಚುವುದಕ್ಕಲ್ಲ. ಆಮೇಲೆ ನಾನು ಓದಿದ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರ ಬಳಿ ಹೋದೆ. ಅವರು ಬೋರ್ಡಿನ ಮೇಲೆ ಬರೆದೇ ತೋರಿಸಿದರು. ಎಣ್ಣೆಯಾಗಲಿ, ಕೊಬ್ಬಾಗಲಿ, ಕಾಸ್ಟಿಕ್ ಸೋಡಾ ಸೇರಿಸಿ ಕುದಿಸಿದರೆ ಒಂದು ಕಡೆ ಸೋಪು, ಇನ್ನೊಂದು ಕಡೆ ಗ್ಲಿಸರಿನ್. ಶೇಂಗಾದಿಂದ ಬಂದರೂ ಅದೇ ಗ್ಲಿಸರಿನ್, ಕುರಿಯಿಂದ ಬಂದರೂ ಅದೇ. ಶುದ್ಧ ಮಾಡಿದ ಮೇಲೆ ಅದರ ಹುಟ್ಟು ಯಾವುದೆಂದು ತಮ್ಮ ಲ್ಯಾಬಿನಲ್ಲಿ ಹೇಳಲು ಬರುವುದಿಲ್ಲ ಎಂದರು. ‘ಮಾಡಿದವನು ಹೇಳಿದ್ರೆ ಉಂಟು. ಅವನು ಹೇಳ್ಲಿಲ್ಲ ಅಂದ್ರೆ ನಂಬಿಕೆ ಅಷ್ಟೇ’ ಎಂದು ಕೈ ಕೊಡವಿಕೊಂಡರು.

ಇದನ್ನು ಮನೆಗೆ ಬಂದು ದೊಡ್ಡಪ್ಪನಿಗೆ ಹೇಳಿದೆ. ಎರಡೂ ಇರಬಹುದು, ಕೊಬ್ಬಿನದೇ ಎಂದು ಹೇಳಲು ಬರುವುದಿಲ್ಲ.

‘ಗೊತ್ತಿಲ್ಲ ಅಂದ್ರೆ ಐತೆ ಅಂತ್ಲೇ ತಿಳ್ಕಾಬೇಕು. ಶುದ್ಧ ಅನ್ನಾದು ಅನುಮಾನದ ಮೇಲೆ ನಿಲ್ಲಲ್ಲ ಕೂಸೇ’ ಎಂದರು.

ನಾನು ಬಚ್ಚಲಿಗೆ ಹೋಗಿ ಅವರ ಟೂತ್‌ಪೇಸ್ಟ್ ತಂದು, ಅದರ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿದ್ದ ಗ್ಲಿಸರಿನ್ ಎಂಬ ಪದಕ್ಕೆ ಬೆರಳಿಟ್ಟು ಅವರ ಭೂತಗನ್ನಡಿಯನ್ನೇ ಕೈಗೆ ಕೊಟ್ಟೆ. ‘ಓದ್ರಿ ದೊಡ್ಡಪ್ಪ.’

ಓದಿದರು. ‘ಅದನ್ನ ಉಗೀತೀವಿ’ ಎಂದರು.

ಎರಡು ದಿನ ಬೇವಿನಕಡ್ಡಿ ಅಗಿದು ಮತ್ತೆ ಪೇಸ್ಟಿಗೇ ಬಂದರು. ಅವರಿಗೆ ಶುದ್ಧಿಯ ಮಾತು ಯಾರೂ ಎತ್ತಲಿಲ್ಲ. ಅವ್ವ ಉಗಿಯದೆ ಸವರಿಕೊಂಡದ್ದೇ ದೊಡ್ಡ ಪಾಪವಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಬಳಿ ಹೋಗಿ, ‘ನೀನಾದ್ರೂ ಒಂದು ಮಾತು ಹೇಳಪ್ಪಾ’ ಎಂದೆ. ‘ಅಣ್ಣನ ಮುಂದೆ ನಾನೇನು ಹೇಳ್ಲಿ. ಶಿವರಾತ್ರಿ ಹತ್ರನೇ ಐತಲ್ಲ’ ಎಂದ.

ಅವ್ವ ಗ್ಲಿಸರಿನ್ ಬಿಟ್ಟಿದ್ದಳು. ತುಟಿ ಮತ್ತೆ ಸೀಳಿತು. ಕೈಯಂತೂ ಮೊದಲಿಗಿಂತ ಕೆಟ್ಟುಹೋಯಿತು. ದಿನವಿಡೀ ಹಿತ್ತಲಲ್ಲಿ ಬಟ್ಟೆ ಒಗೆಯುವುದೇ ಅವಳ ಕೆಲಸವಾಗಿತ್ತಲ್ಲ. ಅದರಲ್ಲೂ ದೊಡ್ಡಪ್ಪ ಪೂಜೆಗೆ ಉಡುವ ಪಂಚೆ, ಮನೆಯವರೆಲ್ಲರ ಲಿಂಗವಸ್ತ್ರ, ದೇವರ ಕೋಣೆಯ ಬಟ್ಟೆಗಳು ಬೇರೆ ಕಲ್ಲಿನ ಮೇಲೆ, ಬೇರೆ ನೀರಿನಲ್ಲಿ ಒಗೆಯಬೇಕು. ಪೂಜೆಯ ಕೋಣೆಗೆ ಮೈಲಿಗೆಯಾದ ಕೈ ಪೂಜೆಯ ಬಟ್ಟೆ ಒಗೆಯಲು ಮಾತ್ರ ಆಗುತ್ತಿತ್ತು. ಬಿರಿದ ಬೆರಳಿಗೆ ಸೋಪು ತಾಗಿದಾಗ ಹಲ್ಲು ಕಚ್ಚುತ್ತಿದ್ದಳು. ಅವಳ ಕೈಯಲ್ಲಿದ್ದ ಆ ಹಳದಿ ಬಾರ್ ಸೋಪನ್ನು ನೋಡುತ್ತ ಕೂತಿದ್ದಾಗಲೇ ನನಗೆ ಮೊಳಕಾಲ್ಮೂರಿನ ಸೋಪಿನವರ ನೆನಪಾದದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಣ್ಣೆ ಮಿಲ್ಲಿನ ಟ್ಯಾಂಕಿನ ತಳದಲ್ಲಿ ಕರ್ರಗೆ ಗಸಿ ನಿಲ್ಲುತ್ತದೆ. ತಿನ್ನಲು ಬಾರದು, ಚೆಲ್ಲಲು ಮನಸ್ಸಾಗದು. ನಮ್ಮ ಮಿಲ್ಲಿನ ಗಸಿಯನ್ನು ಟಿನ್ನುಗಳಿಗೆ ತುಂಬಿ ಮೊಳಕಾಲ್ಮೂರಿನಲ್ಲಿ ಸೋಪು ಮಾಡುವ ಅಪ್ಪನ ಸ್ನೇಹಿತರೊಬ್ಬರಿಗೆ ಕಳಿಸುತ್ತಿದ್ದರು. ಅದರ ಬದಲಿಗೆ ಅವರು ಮನೆಗೆ ಬೇಕಾದಷ್ಟು ಒಗೆಯುವ ಸೋಪು ಕಳಿಸುತ್ತಿದ್ದರು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಬೇರೆ ಸೋಪಿನಲ್ಲಿ ಬಟ್ಟೆ ಒಗೆದದ್ದಿಲ್ಲ. ‘ನಮ್ಮ ಶೇಂಗಾದ ಸೋಪು, ಅಪ್ಪಟ’ ಎಂದು ದೊಡ್ಡಪ್ಪ ಬಂದವರಿಗೆಲ್ಲ ಒಂದೊಂದು ತುಂಡು ಕೊಡುವುದೂ ಇತ್ತು. ಅಂಗಡಿಯ ಸೋಪನ್ನು ಪೂಜೆಯ ಬಟ್ಟೆಗೆ ಮುಟ್ಟಿಸಕೂಡದೆಂದು ಅವರ ಕಟ್ಟಪ್ಪಣೆ.

ನನಗೆ ಹೊಳೆದದ್ದು ಸರಳವಾಗಿತ್ತು. ಸೋಪಿದ್ದಲ್ಲಿ ಗ್ಲಿಸರಿನ್ ಇರಬೇಕು. ನಮ್ಮ ಶೇಂಗಾದಿಂದಲೇ ಅವರು ಸೋಪು ಮಾಡುತ್ತಾರೆಂದರೆ ನಮ್ಮ ಶೇಂಗಾದ್ದೇ ಗ್ಲಿಸರಿನ್ನೂ ಅವರಲ್ಲಿ ಸಿಗಬೇಕು. ಒಂದು ಬಾಟ್ಲಿ ತಂದು ದೊಡ್ಡಪ್ಪನ ಮುಂದಿಟ್ಟು, ಇದರ ಹುಟ್ಟು ನಮ್ಮ ಮಿಲ್ಲು, ಇನ್ನು ಬಾಯಿ ಮುಚ್ಚಿ ಎನ್ನಬೇಕೆಂದು ಒಂದು ಭಾನುವಾರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮಾತನ್ನೇ ಮನಸ್ಸಿನಲ್ಲಿ ತಿರುವಿ ತಿರುವಿ ಹರಿತ ಮಾಡಿಕೊಳ್ಳುತ್ತಿದ್ದೆ.

ಸೋಪಿನವರ ಶೆಡ್ಡು ನೇಕಾರರ ಬೀದಿಯ ಕೊನೆಯಲ್ಲಿತ್ತು. ಹೊರಗೆ ಮಗ್ಗದ ಸದ್ದು, ಒಳಗೆ ಕಾಸ್ಟಿಕ್ ಸೋಡಾದ ಘಾಟು. ದಪ್ಪನೆಯ ಮನುಷ್ಯ, ಬಾಯಿ ತುಂಬ ಎಲೆಅಡಿಕೆ, ಅರ್ಧ ತೆಲುಗು ಅರ್ಧ ಕನ್ನಡ. ‘ರಾಮ್ಮಾ, ರಾ! ಮಿಲ್ಲಿನ ಸಾವ್ಕಾರ್ರ ಮಗಳಲ್ವಾ? ಕೂತ್ಕೋ ತಲ್ಲೀ’ ಎಂದು ಸ್ಟೂಲು ಎಳೆದು, ಟೀ ತರಿಸಿದರು. ನಾನು ಬಂದ ವಿಷಯ ಹೇಳಿದೆ. ನಮ್ಮ ಶೇಂಗಾದ ಗ್ಲಿಸರಿನ್ ಒಂದು ಬಾಟ್ಲಿ ಬೇಕು.

ಅವರು ನಕ್ಕರು. ‘ನಾವು ಅದನ್ನ ಬೇರೆ ತೆಗ್ಯಲ್ಲಮ್ಮ. ಅದಕ್ಕೆ ದೊಡ್ಡ ಮಿಷಿನ್ ಬೇಕು. ನಮ್ಮ ಸೋಪಿನಾಗೇ ಉಳ್ಕೊಂಬಿಡ್ತದೆ.’

‘ಹಂಗಾದ್ರೆ ನಮ್ಮ ಮನೆ ಸೋಪಿನಾಗಿರೋದು ಶೇಂಗಾದ್ದೇ ಗ್ಲಿಸರಿನ್ ಅಲ್ವಾ?’ ಅಷ್ಟಾದರೂ ಗೆದ್ದುಕೊಂಡು ಹೋಗೋಣ ಎಂದು ಕೇಳಿದೆ.

‘ಶೇಂಗಾದ್ದೂ ಐತೆ’ ಎಂದು, ಎಲೆಅಡಿಕೆ ಉಗಿದು ಬಂದು ಹೇಳಿದರು, ‘ಚರ್ಬೀದೂ ಐತೆ.’

ನನಗೆ ಅರ್ಥವಾಗಲಿಲ್ಲ. ಮೂಲೆಯಲ್ಲಿದ್ದ ಟಿನ್ನೊಂದರ ಮುಚ್ಚಳ ತೆಗೆದು ತೋರಿಸಿದರು. ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬು. ಬರೀ ಶೇಂಗಾ ಗಸಿಯಲ್ಲಿ ಸೋಪು ಗಟ್ಟಿ ನಿಲ್ಲುವುದಿಲ್ಲವಂತೆ. ಮೆತ್ತಗಾಗಿ ನೀರಿನಲ್ಲಿ ಕರಗಿ ಹೋಗುತ್ತದಂತೆ. ಚರ್ಬಿ ಬಿದ್ದರೇನೇ ಬಾರ್ ಕೂರುವುದು. ಕುರಿಯದೋ ದನದ್ದೋ ಎಂದು ಕೇಳಿದೆ. ‘ಸಿಕ್ಕಿದ್ದು’ ಎಂದರು. ಅವರ ಮಾತಿನಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಸೋಪಿನ ಧಂದೆ ಅಂದರೆ ಹಾಗೆಯೇ.

‘ನಮ್ಮಪ್ಪಂಗೆ ಇದು ಗೊತ್ತಿಲ್ಲ’ ಎಂದೆ. ಈಗ ನೆನೆಸಿಕೊಂಡರೆ ಆ ಮಾತು ಹೇಳಿದ ನನ್ನ ಮೇಲೆ ನನಗೇ ಕನಿಕರವಾಗುತ್ತದೆ.

‘ಗೊತ್ತಿಲ್ದೆ ಏನಮ್ಮ! ಮೊದಲ್ನೇ ಸಲ ಚರ್ಬಿ ಹಾಕ್ದೆ ಮಾಡಿ ಕಳ್ಸಿದ್ದೆ, ನಿಮ್ಮ ಮನೆ ಮಂದಿ ಹೆಂಗೂ ಲಿಂಗ ಕಟ್ಟೋರು ಅಂತ. ನಿಮ್ಮಪ್ಪಾರೇ ಗಾಡಿ ಮಾಡ್ಕೊಂಡು ವಾಪಸ್ ತಂದ್ರು. ಇದು ಎರಡು ಒಗೆತಕ್ಕೆ ಸವೀತದೆ, ಎಲ್ಲಾರ್ಗೂ ಮಾಡೋದನ್ನೇ ನಮಗೂ ಕೊಡು, ಮನ್ಯಾಗೆ ಹೇಳ್ಬ್ಯಾಡ ಅಂದ್ರು. ನಾನ್ಯಾಕೆ ಹೇಳ್ಲಿ?’

ಹೊರಗೆ ಬರುವಾಗ ಎದುರಿನ ಮನೆಯಂಗಳದಲ್ಲಿ ಹಂಡೆಯೊಂದರಲ್ಲಿ ರೇಷ್ಮೆ ನೂಲು ಕುದಿಯುತ್ತಿತ್ತು. ಹಸಿ ರೇಷ್ಮೆಯ ಅಂಟು ಬಿಡಿಸಲು ಸೋಪು, ಸೋಡಾ ಹಾಕಿ ಕುದಿಸುತ್ತಾರೆ. ಆಮೇಲೇ ಅದು ಮೆತ್ತಗಾಗಿ ಹೊಳೆಯುವುದು. ಹಂಡೆಯ ಪಕ್ಕದಲ್ಲಿ ಅದೇ ಹಳದಿ ಸೋಪಿನ ತುಂಡುಗಳಿದ್ದವು. ನಮ್ಮ ದೊಡ್ಡಪ್ಪ ಪೂಜೆಗೆ ಉಡುವ ರೇಷ್ಮೆ ಪಂಚೆ ಇದೇ ಬೀದಿಯಲ್ಲಿ ಹೇಳಿ ನೇಯಿಸಿದ್ದು. ಹುಳು ಬೆಂದದ್ದು ಒಂದು ಕಡೆ, ಚರ್ಬಿಯಲ್ಲಿ ಕುದಿದದ್ದು ಇನ್ನೊಂದು ಕಡೆ. ಅದನ್ನುಟ್ಟುಕೊಂಡು ಅವರು ನಮ್ಮವ್ವನಿಗೆ ಮೈಲಿಗೆ ಹೇಳುತ್ತಿದ್ದರು!

ಬಸ್ಸಿನಲ್ಲಿ ಕೂತು ಬರುವಾಗ ನನಗೆ ದೊಡ್ಡಪ್ಪನ ಮೇಲೆ ಸಿಟ್ಟೇ ಬರಲಿಲ್ಲ. ಅವರು ತಿಳಿಯದ ಮೂರ್ಖರು. ಸಿಟ್ಟೆಲ್ಲ ಅಪ್ಪನ ಮೇಲೆ. ಅಪ್ಪ ಆ ಪೇಪರಿನ ಹಿಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಅವ್ವನನ್ನು ಒಲೆಯಿಂದ ಎಬ್ಬಿಸಿ ಒಗೆಯುವ ಕಲ್ಲಿಗೆ ಕಳಿಸಿದಾಗ, ಅವಳ ಕೈಗೆ ಕೊಟ್ಟ ಸೋಪಿನಲ್ಲಿ ಏನಿದೆಯೆಂದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವಳ ಬೆರಳಿನಿಂದ ರಕ್ತ ಬರುವುದನ್ನು ದಿನವೂ ನೋಡುತ್ತಿದ್ದ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿದರೆ ತನ್ನ ಗುಟ್ಟು ಬಯಲಾಗುತ್ತದೆ. ಹಾಗಾಗಿ ಹೆಂಡತಿಯೇ ಬಯಲಿಗೆ ಬೀಳಲಿ ಎಂದು ಬಿಟ್ಟ. ಇದಕ್ಕೆ ಇನ್ನೇನು ಹೆಸರಿಡಬೇಕೋ ನನಗೆ ತಿಳಿಯದು. ಹೇಡಿತನ ಎಂಬ ಮಾತು ಸಾಲುವುದಿಲ್ಲ.

ಮನೆಗೆ ಬಂದು ಮೊದಲು ಹಿತ್ತಲಿಗೆ ಹೋದೆ. ಕೇಳಿದವಳು ಅವ್ವ, ಉತ್ತರ ಮೊದಲು ಅವಳಿಗೇ ಸಲ್ಲಬೇಕು. ಗ್ಲಿಸರಿನ್ನಿನ ಹುಟ್ಟು ಯಾರಿಗೂ ಗೊತ್ತಿಲ್ಲ ಎಂದೆ. ಆಮೇಲೆ ಸೋಪಿನ ಕಥೆ ಹೇಳಿದೆ, ಅಪ್ಪ ಮೊದಲ ಸಲದ ಸೋಪನ್ನು ಹಿಂದಕ್ಕೆ ಕೊಟ್ಟು ಬಂದದ್ದನ್ನೂ ಹೇಳಿದೆ. ಅವ್ವ ಕೈಯಲ್ಲಿದ್ದ ಸೋಪನ್ನು ಕೆಳಗಿಟ್ಟಳು. ಕೈ ತೊಳೆದುಕೊಂಡಳು. ಮತ್ತೆ ತೊಳೆದುಕೊಂಡಳು. ಆಮೇಲೆ, ‘ನಂಗೆ ಗೊತ್ತಿರ್ಲಿಲ್ಲ, ಅದು ಅವನಿಗೆ ಗೊತ್ತು’ ಎಂದು ಕೊರಳಿನ ಲಿಂಗ ಮುಟ್ಟಿಕೊಂಡಳು. ‘ಇವ್ರಿಗೆ ಗೊತ್ತಿತ್ತಲ್ಲೇ.’ ಅಷ್ಟು ವರ್ಷದ ಸಂಸಾರದಲ್ಲಿ ಅಪ್ಪನ ಬಗ್ಗೆ ಅವಳು ನನ್ನ ಮುಂದೆ ಆಡಿದ ಮೊದಲ ದೂರು ಅದು.

ಸಂಜೆ ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಕೂತಿದ್ದಾಗ ಹಳದಿ ಸೋಪಿನ ಬಾರನ್ನು ತಂದು ಇಬ್ಬರ ನಡುವೆ ಇಟ್ಟೆ. ಏನೂ ಮುಚ್ಚಿಡದೆ, ಒಂದಕ್ಷರ ಬಿಡದೆ ಹೇಳಿದೆ. ದೊಡ್ಡಪ್ಪ ಸೋಪನ್ನು ನೋಡಿದರು, ತಮ್ಮನನ್ನು ನೋಡಿದರು. ‘ಲೇ ತಮ್ಮಾ, ಹೌದೇನ್ಲೇ?’

ಅಪ್ಪ ತಲೆ ಎತ್ತಲಿಲ್ಲ. ‘ಅದು ಒಗ್ಯೋ ಸೋಪಲ್ವೇನಣ್ಣ. ತಿನ್ನಾದಲ್ವಲ್ಲ. ಜಾಲಿಸಿದ್ರೆ ಹೋಗ್ತದೆ’ ಎಂದ.

‘ಅವ್ವನ ತುಟೀದು ತೊಳದ್ರೆ ಹೋಗ್ತಿರ್ಲಿಲ್ವೇನಪ್ಪಾ?’ ಎಂದು ನಾನು ಕಿರುಚಿದೆ. ನನ್ನ ಸದ್ದು ಮಿಲ್ಲಿನವರಿಗೂ ಕೇಳಿಸಿರಬೇಕು. ಕೇಳಿಸಲಿ ಎಂದೇ ಕಿರುಚಿದ್ದು. ‘ಇದನ್ನ ಅವತ್ತೇ ಹೇಳಾಕೆ ನಿನಗೇನಾಗಿತ್ತು? ಅವಳ ಕೈ ನೋಡಿದ್ದೀಯಾ ನೀನು?’

‘ಹೆಣ್ಮಕ್ಳು ಇಷ್ಟು ಜೋರು ಮಾತಾಡ್ಬಾರ್ದು’ ಎಂದರು ದೊಡ್ಡಪ್ಪ. ಅವರಿಗೆ ಆಗ ಹೊಳೆದದ್ದು ಅದೊಂದೇ. ಆಮೇಲೆ ಗಂಟಲು ಸರಿಮಾಡಿಕೊಂಡು, ರೇಷ್ಮೆಗೆ ಮೈಲಿಗೆ ಇಲ್ಲವೆಂದು ಹಿರಿಯರು ಹೇಳಿದ್ದಾರೆ, ಲಿಂಗವಸ್ತ್ರಗಳನ್ನು ಹೊಸದಾಗಿ ತರಿಸೋಣ, ಆ ಸೋಪು ನಿಲ್ಲಿಸಿಬಿಡಿ ಎಂದರು. ಅಲ್ಲಿಗೆ ಮುಗಿಯಿತು. ಗಂಡಸರ ಮೈಲಿಗೆ ಹೊಸ ಬಟ್ಟೆ ತರಿಸಿದರೆ ಮುಗಿಯುತ್ತದೆ. ಐನೋರು ಬೇಡ, ಶುದ್ಧಿ ಬೇಡ, ಹಿತ್ತಲ ಕೋಣೆ ಬೇಡ. ಎದ್ದು ಹೋಗುವಾಗ, ಏನೋ ದೊಡ್ಡ ಮನಸ್ಸು ಮಾಡಿದವರಂತೆ, ‘ನಿಮ್ಮವ್ವಂಗೆ ನಾಳೆಯಿಂದ ಒಳಗೆ ಬಾ ಅನ್ನು. ಆ ಯಮ್ಮನ್ನ ಊರಿಗೆ ಕಳ್ಸಾನ. ರೊಟ್ಟಿ ತಿನ್ನಾಕೆ ಆಗ್ತಿಲ್ಲ’ ಎಂದರು.

ಇಷ್ಟೂ ಆದದ್ದು ರೊಟ್ಟಿ ಚೆನ್ನಾಗಿರಲಿಲ್ಲ ಎಂಬ ಕಾರಣಕ್ಕೆ ಸರಿಹೋಯಿತೇ ಎಂದು ನಾನು ಅವ್ವನ ಮುಂದೆ ಕುದಿದೆ. ‘ಹೋಗ್ಬ್ಯಾಡ. ಅಪ್ಪ ಬಂದು ತಪ್ಪಾಯ್ತು ಅನ್ನಲಿ, ಆಮೇಲೆ ಹೋಗು’ ಎಂದೆ. ಅಪ್ಪ ಬರಲಿಲ್ಲ. ಅವನು ಸಾಯುವವರೆಗೂ ಆ ಮಾತು ಹೇಳಲಿಲ್ಲ, ಆ ಲೆಕ್ಕವನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ಮಾರನೆಯ ದಿನ ಅವ್ವ ಮಿಂದು, ಪೂಜೆ ಮುಗಿಸಿ, ನೆಟ್ಟಗೆ ಅಡುಗೆಮನೆಗೆ ನಡೆದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಇಷ್ಟು ಬೇಗ ಸೋಲುವುದೇ ಎಂದುಕೊಂಡೆ. ಮಧ್ಯಾಹ್ನ ಅಪ್ಪ, ದೊಡ್ಡಪ್ಪ ಊಟಕ್ಕೆ ಬಂದು ಕೂತರು. ಅಡುಗೆಮನೆಯಲ್ಲೇ, ಒಲೆಯ ಎದುರಿಗೇ ಮಣೆ ಹಾಕಿಕೊಂಡು, ಬಿಸಿ ರೊಟ್ಟಿ ನೇರವಾಗಿ ತಟ್ಟೆಗೆ ಬೀಳುವ ಹಾಗೆ ಕೂರುವುದು ನಮ್ಮ ಮನೆಯ ರೂಢಿ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಆಗಲೇ ತಟ್ಟೆಯಲ್ಲಿತ್ತು. ದೊಡ್ಡಪ್ಪನ ಮುಖದಲ್ಲಿ ಹಬ್ಬದ ಕಳೆ.

ಅವ್ವ ಜೋಳದ ಹಿಟ್ಟು ನಾದಿ ಉಂಡೆ ಮಾಡಿಟ್ಟಳು. ಹೆಂಚು ಕಾದಿತ್ತು. ಆಗ ಅವಳು ಕಿಟಕಿಗೆ ಕೈ ಚಾಚಿ, ಉಪ್ಪಿನ ಡಬ್ಬಿಯ ಪಕ್ಕದಿಂದ ಗ್ಲಿಸರಿನ್ನಿನ ಬಾಟ್ಲಿ ತೆಗೆದುಕೊಂಡಳು. ಅದನ್ನು ಎಸೆಯುವ ಕೆಲಸವೂ ಅವಳದೇ ಎಂದು ಅಷ್ಟು ದಿನ ಯಾರೂ ಮುಟ್ಟಿರಲಿಲ್ಲ. ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡಳು. ಎರಡು ಕೈಗಳನ್ನೂ, ಬಿರಿದ ಒಂದೊಂದು ಬೆರಳನ್ನೂ, ನಿಧಾನವಾಗಿ, ಅವರಿಬ್ಬರ ಕಣ್ಣ ಮುಂದೆಯೇ ಸವರಿಕೊಂಡಳು. ಕೈ ತೊಳೆಯಲಿಲ್ಲ. ಹಾಗೇ ಉಂಡೆ ಎತ್ತಿಕೊಂಡು ರೊಟ್ಟಿ ಬಡಿದಳು. ಬೇಯಿಸಿದಳು. ಒಂದನ್ನು ದೊಡ್ಡಪ್ಪನ ತಟ್ಟೆಗೆ, ಇನ್ನೊಂದನ್ನು ಅಪ್ಪನ ತಟ್ಟೆಗೆ ಹಾಕಿದಳು.

‘ಏನ್ರೀ ಭಾವಾರೆ, ತಣ್ಣಗಾಗ್ತದೆ’ ಎಂದಳು. ‘ತಿನ್ನೋರು ತಿನ್ರಿ. ಬ್ಯಾಡಾದ್ರೆ ಎದ್ದೋಗ್ರಿ.’

ದೊಡ್ಡಪ್ಪ ತಮ್ಮನ ಮುಖ ನೋಡಿದರು. ಅಪ್ಪ ತಟ್ಟೆ ನೋಡುತ್ತಿದ್ದ. ಯಾರೂ ಏಳಲಿಲ್ಲ. ಮೊದಲು ಅಪ್ಪ ರೊಟ್ಟಿ ಮುರಿದ. ಆಮೇಲೆ ದೊಡ್ಡಪ್ಪನೂ ಮುರಿದರು. ಅನುಮಾನದ ಮೇಲೆ ಶುದ್ಧ ನಿಲ್ಲುವುದಿಲ್ಲ ಎಂದಿದ್ದ ಮನುಷ್ಯ, ಪಲ್ಯ ಹಚ್ಚಿಕೊಂಡು, ಇನ್ನೊಂದು ಹಾಕಿಸಿಕೊಂಡು ತಿಂದರು. ಅವರು ಕೇಳಿದಷ್ಟೂ ಅವ್ವ ಬಡಿದು ಹಾಕಿದಳು.

ಅವರು ಎದ್ದು ಹೋದ ಮೇಲೆ ಅವ್ವ ಬಾಟ್ಲಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದು ಬಂದಳು. ಕಡಲೆಹಿಟ್ಟು ಹಚ್ಚಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ಕೈ ತೊಳೆದಳು. ಹೆಂಚು, ಮಣೆ ತೊಳೆದಳು. ಉಳಿದ ಉಂಡೆಗಳನ್ನು ದನಕ್ಕಿಟ್ಟು, ಬೇರೆ ಹಿಟ್ಟು ನಾದಿದಳು. ಆಮೇಲೆ ತನಗೂ ನನಗೂ ರೊಟ್ಟಿ ಬಡಿದಳು.